ಕಾಲಿಗೆ ಅರ್ಥವಾಗುವ ಪುಸ್ತಕ

ನಮ್ಮೂರಿನಲ್ಲಿ ಕುಂಬಾರರ ಮನೆ ಇಲ್ಲ. ಒಂದು ಕಾಲದಲ್ಲಿ ಇತ್ತಂತೆ. ಮಡಕೆ ಒಡೆಯದ ಊರಿನಲ್ಲಿ ಎಷ್ಟು ದಿನ ಅಂತ ಕೂತಾರು, ಮಡಕೆ ತಿರುಗಿಸುವ ತಿಗರಿ ಎತ್ತಿಕೊಂಡು ಸೇತುವೆ ದಾಟಿ ಹೋದರು. ನಾನು ಈಗಲೂ ನೀರು ತುಂಬಿಡುವುದು ಮುತ್ತಜ್ಜಿಯ ಮದುವೆಗೆ ತಂದ ಮಡಕೆಯಲ್ಲಿ. ಅದು ಎಷ್ಟು ಸಲ ಕೈಜಾರಿದೆಯೋ. ಜಾರಿದರೆ ಜಾರಲಿ, ಒಲೆಯ ಮೇಲಿನ ಹಾಲು ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದರೂ ಅದಿನ್ನೂ ಮೊಣಕಾಲಿನ ಎತ್ತರದಲ್ಲೇ ಇರುತ್ತದೆ. ಬೇವಿನ ಎಲೆ ಬೆಳಿಗ್ಗೆ ಕಳಚಿದರೆ ನೆಲ ಸೇರುವಾಗ ಸಂಜೆ. ಅಂಗಳ ಗುಡಿಸುವವರು ತಲೆಯ ಮಟ್ಟದಲ್ಲಿ ತೇಲುವ ಎಲೆಗಳನ್ನು ಹೂ ಬಿಡಿಸಿದ ಹಾಗೆ ಬಿಡಿಸಿ ಬುಟ್ಟಿಗೆ ಹಾಕಿಕೊಳ್ಳುತ್ತಾರೆ. ಮಾಳಿಗೆಯ ಅಂಚಿನಲ್ಲಿ ಮಕ್ಕಳು ಓಡಾಡಿದರೆ ಯಾವ ತಾಯಿಯೂ ಕೂಗಿಕೊಳ್ಳುವುದಿಲ್ಲ. ಹತ್ತುವುದಕ್ಕೆ ಮೆಟ್ಟಿಲಿದೆ. ಇಳಿಯುವವರು ಅಂಚಿನಿಂದ ಒಂದು ಹೆಜ್ಜೆ ಆಚೆ ಇಟ್ಟರಾಯಿತು. ವೀಳ್ಯದೆಲೆಗೆ ಸುಣ್ಣ ಹಚ್ಚಿ ಮಡಿಚಿ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಪಾದ ನೆಲಕ್ಕೆ ಸೋಕುತ್ತದೆ.

ಕಲ್ಲುಸೇತುವೆಯ ಆಚೆ ಹಾಗಿಲ್ಲ. ಅಲ್ಲಿ ಎಲ್ಲವೂ ಬೇಗ ಬೀಳುತ್ತವೆ. ಇದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಕೆಳಗಿನ ಊರಿಗೆ ಹೂ ಮಾರಲು ಹೋಗಿ ಬರುವವರು ಅಲ್ಲಿ ಒಡೆದ ಬಟ್ಟಲು, ಸಿಡಿದ ತೆಂಗಿನಕಾಯಿಗಳ ಕಥೆ ಹೇಳುತ್ತಾರೆ, ನಾವು ನಗುತ್ತೇವೆ. ಹೆಂಚು ಹೊದಿಸುವ ಭರಮಣ್ಣನಿಗೂ ಗೊತ್ತಿತ್ತು. ಕೆಳಗಿನ ಊರಿನ ಶಾಲೆಯ ಮಾಡಿಗೆ ನಾಡಹೆಂಚು ಹೊದಿಸಲು ಅವನನ್ನು ಕರೆಸಿದ್ದರು, ಆ ಕೆಲಸ ಬಲ್ಲವರು ಸುತ್ತಮುತ್ತ ಅವನ ಮನೆಯವರು ಮಾತ್ರ. ಹನ್ನೊಂದು ದಿನ ಕೆಲಸ ಮಾಡಿದ. ಹನ್ನೊಂದನೆಯ ದಿನ, ಅರ್ಧ ಮಾಡು ಮುಗಿದಾಗ, ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು, ನಲವತ್ತು ವರ್ಷದಿಂದ ದಿನವೂ ಇಡುತ್ತಿದ್ದ ಹೆಜ್ಜೆಯನ್ನು ಇಟ್ಟ. ಎರಡು ತಿಂಗಳು ಅಲ್ಲಿನ ಆಸ್ಪತ್ರೆಯಲ್ಲಿದ್ದು ಗಾಡಿಯಲ್ಲಿ ಮಲಗಿ ಬಂದ. ಎರಡು ಕಾಲೂ ಕೂಡಿದವು, ಆದರೆ ಸರಿಯಾಗಿ ಕೂಡಲಿಲ್ಲ. ಆಮೇಲೆ ಅವನ ಜಾಗ ಬಾಗಿಲ ಪಕ್ಕದ ಹಗ್ಗದ ಮಂಚ.

ನಾನು ಊರಿನ ವಾಚನಾಲಯ ನೋಡಿಕೊಳ್ಳುವವಳು. ಎಲ್ಲರೂ ಅನಸೂಯಕ್ಕ ಅಂತಾರೆ. ಕಪಾಟು ಮೂರು, ಬೆಂಚು ನಾಲ್ಕು, ಓದುವವರಿಗಿಂತ ಕೇಳುವವರು ಹೆಚ್ಚು. ಮಧ್ಯಾಹ್ನ ಊಟವಾದ ಮೇಲೆ ನಾನು ಗಟ್ಟಿಯಾಗಿ ಓದುತ್ತೇನೆ, ಬೀಡಿ ಕಟ್ಟುವವರು, ಹೂ ಕಟ್ಟುವವರು ಕೈಕೆಲಸ ತಂದುಕೊಂಡು ಕೂರುತ್ತಾರೆ. ಯಾರಿಗೆ ಏನೇ ಕಷ್ಟ ಬಂದರೂ ಅದಕ್ಕೆ ಎಲ್ಲೋ ಒಂದು ಪುಸ್ತಕ ಇದ್ದೇ ಇರುತ್ತದೆ ಅಂತ ನಾನು ನಂಬಿದ್ದೆ. ಮದುವೆ ಮುರಿದವರಿಗೂ ಒಂದು ಪುಸ್ತಕ ಕೊಟ್ಟಿದ್ದೇನೆ, ಕೆಮ್ಮು ಬಂದವರಿಗೂ ಕೊಟ್ಟಿದ್ದೇನೆ.

ಒಂದು ಮಧ್ಯಾಹ್ನ ಭರಮಣ್ಣನ ಮಗಳು ಸಾವಂತ್ರಿ ಬಂದು ಬಾಗಿಲಲ್ಲಿ ನಿಂತಳು. ಇಪ್ಪತ್ತಾರು ವರ್ಷದ ಹೆಣ್ಣು, ಅಪ್ಪನ ಕೆಲಸವನ್ನೇ ಕಲಿತವಳು. ಕೈ ತುಂಬ ಹೆಂಚಿನ ಕೆಂಪು.

"ಅಕ್ಕ, ಶಾಲೆಯ ಅರ್ಧ ಮಾಡು ಹಾಗೇ ಇದೆ. ಶಾಲೆ ತೆರೆಯೋದರೊಳಗೆ ಮುಗಿಸಿಕೊಡ್ತೀನಿ ಅಂತ ಅಪ್ಪ ಮಾತು ಕೊಟ್ಟಿದ್ದ. ನಾನು ಹೋಗ್ತೀನಿ."

"ಅಪ್ಪ ಏನಂತಾನೆ?"

"ಹೊಸಿಲು ದಾಟಿದರೆ ನನ್ನ ಹೆಣ ನೋಡ್ತೀಯ ಅಂತಾನೆ." ಅವಳು ಒಳಗೆ ಬಂದು ಕಪಾಟಿನ ಗಾಜಿಗೆ ಹಣೆ ಒತ್ತಿದಳು. "ಅಲ್ಲಿ ಹೇಗೆ ಬೀಳುತ್ತೆ, ಯಾಕೆ ಬೀಳುತ್ತೆ ಅಂತ ನಾನು ಸರಿಯಾಗಿ ಕಲಿತರೆ ಅಪ್ಪ ಒಪ್ಪಬಹುದು. ಅದಕ್ಕೊಂದು ಪುಸ್ತಕ ಇದೆಯಂತಲ್ಲ?"

ಇದೆ ಅಂತ ನನಗೂ ಗೊತ್ತಿತ್ತು. ಭೌತಶಾಸ್ತ್ರ. ನಮ್ಮ ಕಪಾಟಿನಲ್ಲಿ ಮಾತ್ರ ಇರಲಿಲ್ಲ. ಸೇತುವೆಯ ಈಚೆ ಅದು ಯಾರಿಗೂ ಬೇಕಾಗಿರಲಿಲ್ಲ.

ವಾಚನಾಲಯದ ಹಿರಿಯರು ಪದ್ಮರಾಜಯ್ಯ ಮೇಷ್ಟ್ರು. ಅವರ ಮುಂದೆ ವಿಷಯ ಇಟ್ಟೆ. ಮೇಷ್ಟ್ರು ಕನ್ನಡಕ ತೆಗೆದು ಗಾಳಿಯಲ್ಲಿ ಬಿಟ್ಟು, ಅದು ತೊಡೆಗೆ ಬರುವ ತನಕ ಕಾದು, ಹೇಳಿದರು, "ತನ್ನಿ. ಆದರೆ ದಪ್ಪದ್ದು ತನ್ನಿ. ಸೂತ್ರ ಇರಬೇಕು. ಸೂತ್ರ ಇಲ್ಲದ ಶಾಸ್ತ್ರ ಉಪ್ಪಿಲ್ಲದ ಸಾರು."

ಕೆಳಗಿನ ಊರಿಗೆ ಒಬ್ಬಳೇ ಹೋದೆ. ಪುಸ್ತಕದಂಗಡಿ ಒಂದೇ ಇತ್ತು, ದಸ್ತಗೀರ್ ಸಾಹೇಬರದು. ಬಿಳಿ ಗಡ್ಡದ, ಮೆಲುಮಾತಿನ ಮನುಷ್ಯ. ನಾನು ಒಳಗೆ ಕಾಲಿಟ್ಟವಳೇ ಚೀಲವನ್ನು ಗಾಳಿಯಲ್ಲಿ ಬಿಟ್ಟೆ, ಮನೆಯಲ್ಲಿ ಬಿಡುವ ಹಾಗೆ. ಅದು ದೊಪ್ಪೆಂದು ಬಿತ್ತು. ನಾನು ಹಾರಿಬಿದ್ದೆ. ಸಾಹೇಬರು ನಗಲಿಲ್ಲ.

"ಸೇತುವೆ ಆಚೆಯವರೇನಮ್ಮ? ಕೂತ್ಕೊಳ್ಳಿ. ಯಾವ ಪುಸ್ತಕ ಬೇಕು?"

"ಭೌತಶಾಸ್ತ್ರ. ಮೊದಲ ಸಲ ಓದೋವರಿಗೆ."

"ಯಾರಿಗೆ?"

"ಎಲ್ಲರಿಗೂ," ಅಂದೆ. ಆ ಉತ್ತರ ನನಗೆ ಆಗ ಬಹಳ ಉದಾರವಾಗಿ ಕೇಳಿಸಿತ್ತು.

ಅವರು ಮೊದಲು ಒಂದು ದಪ್ಪ ಪುಸ್ತಕ ಇಟ್ಟರು. ಮೇಷ್ಟ್ರೇ ಹೇಳಿ ಬರೆಸಿದ ಹಾಗಿತ್ತು, ಪುಟ ತುಂಬ ಸೂತ್ರ. ಮಧ್ಯೆ ಮಧ್ಯೆ ಬರುವ ವಾಕ್ಯಗಳು ಪರದೇಶದಲ್ಲಿ ದಾರಿ ತಪ್ಪಿದವರಂತೆ ಕಾಣುತ್ತಿದ್ದವು. ಆಮೇಲೆ ನುಣುಪು ಹಾಳೆಯ ಇನ್ನೊಂದು ತಂದರು. ಬಣ್ಣದ ಚಿತ್ರ, ತಿಳಿಯಾದ ಕನ್ನಡ. ನಡುವಿನಲ್ಲಿ ಬಿಡಿಸಿ ಓದಿದೆ. ಚಂದ್ರ ಕೂಡ ಬೀಳುತ್ತಲೇ ಇದ್ದಾನಂತೆ, ಭೂಮಿಯ ಕಡೆಗೆ, ಎಲ್ಲ ಕಾಲದಲ್ಲೂ. ಆದರೆ ಪಕ್ಕಕ್ಕೂ ಸಾಗುತ್ತಿರುವುದರಿಂದ ಬಿದ್ದು ಮುಗಿಯುವುದಿಲ್ಲವಂತೆ. ನಾನು ಅಂಗಡಿಯಲ್ಲಿ ನಿಂತೇ ಆ ಅಧ್ಯಾಯ ಮುಗಿಸಿದೆ. ಕಣ್ಣು ತುಂಬಿ ಬಂತು. ಕೆನ್ನೆಯ ಮೇಲೆ ಹನಿ ಅಷ್ಟು ಬೇಗ ಇಳಿದದ್ದು ಕಂಡು ಇನ್ನೂ ಗಾಬರಿಯಾಯಿತು. ಸಾಹೇಬರು ಮೂರನೆಯದೊಂದು ತರಲು ಒಳಗೆ ಹೋಗಿದ್ದರು, ನಾನು ಕೂಗಿ ಹೇಳಿದೆ, "ಬೇಡ ಸಾಹೇಬರೆ, ಸಿಕ್ಕಿತು."

ನಾಲ್ಕು ಮಧ್ಯಾಹ್ನ ಆ ಪುಸ್ತಕ ಓದಿದೆ. ವಾಚನಾಲಯದಲ್ಲಿ ಅಷ್ಟು ಜನ ಯಾವತ್ತೂ ಸೇರಿರಲಿಲ್ಲ. ಚಂದ್ರನ ಭಾಗವನ್ನು ಎರಡು ಸಲ ಓದಿಸಿದರು. ಹೂ ಕಟ್ಟುವವರ ಕೈ ನಿಂತೇಹೋಗಿತ್ತು. ಸೂತ್ರ ಕಡಿಮೆ ಅಂತ ಮುಖ ಗಂಟಿಕ್ಕಿದ್ದ ಮೇಷ್ಟ್ರು ಕೂಡ ಕೊನೆಯ ದಿನ ಒಂದು ನಿಟ್ಟುಸಿರು ಬಿಟ್ಟರು. ಸಾವಂತ್ರಿ ಕಂಬಕ್ಕೆ ಒರಗಿ ತುಟಿ ಅಲ್ಲಾಡಿಸುತ್ತ ಕೂತಿರುತ್ತಿದ್ದಳು. ಬಾಯಿಪಾಠ ಮಾಡುತ್ತಿದ್ದಳು.

ಐದನೆಯ ದಿನ ಪುಸ್ತಕ ಹಿಡಿದು ಭರಮಣ್ಣನ ಮನೆಗೆ ಹೋದೆ. ಅವನಿಗೂ ಓದಿ ಹೇಳಿದರೆ ಮನಸ್ಸು ಮೆತ್ತಗಾಗಬಹುದು ಅಂತ ಎಣಿಕೆ. ಬೀಳುವ ಅಧ್ಯಾಯ ಓದಿದೆ. ಅವನು ಕಣ್ಣು ಮುಚ್ಚಿ ಕೇಳಿದ.

"ಚೆನ್ನಾಗಿದೆ ಅಕ್ಕಾರೆ," ಅಂದ. "ಆದರೆ ಇದರಲ್ಲಿ ನನಗೆ ಗೊತ್ತಿಲ್ಲದ್ದು ಏನಿದೆ?"

"ಯಾಕೆ ಹಾಗಂತೀಯ?"

"ಅಲ್ಲಿ ಬೇಗ ಬೀಳುತ್ತೆ ಅನ್ನೋದು ನನಗೆ ಅವತ್ತೂ ಗೊತ್ತಿತ್ತು. ಹನ್ನೊಂದು ದಿನ ಸುತ್ತಿಗೆಗೆ ದಾರ ಕಟ್ಟಿಕೊಂಡು ಕೆಲಸ ಮಾಡಿದೀನಿ. ಸಂಜೆ ಹಗ್ಗ ಸುತ್ತುತಾ, ಮಗಳಿಗೆ ಬಳೆ ತಗೊಂಡು ಹೋಗಬೇಕು, ಹಸಿರು ತಗೊಳ್ಳಲೋ ಕೆಂಪು ತಗೊಳ್ಳಲೋ ಅಂತ ಯೋಚಿಸ್ತಿದ್ದೆ. ಅಷ್ಟರಲ್ಲಿ ಕಾಲು ಹೆಜ್ಜೆ ಇಟ್ಟುಬಿಟ್ಟಿತ್ತು. ತಲೆಗೆ ಗೊತ್ತಿತ್ತು. ಕಾಲಿಗೆ ಯಾರೂ ಹೇಳಿರಲಿಲ್ಲ."

ನಾನು ಪುಸ್ತಕ ಮುಚ್ಚಿದೆ. ಆಗಲೇ ಸಾವಂತ್ರಿ ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿಯನ್ನು ಮೊರಕ್ಕೆ ಗೋರಿಕೊಂಡು ಅಂಚಿಗೆ ಬಂದಳು. ನಮ್ಮ ಮಾತು ಅವಳಿಗೆ ಕೇಳಿಸಿತ್ತು ಅಂತ ಕಾಣುತ್ತದೆ. "ನಾನು ಕಲಿತಿದೀನಿ ಅಪ್ಪ, ಕೇಳು ಬೇಕಾದರೆ!" ಅಂತ ಹೇಳುತ್ತಲೇ ಹೆಜ್ಜೆ ಆಚೆ ಇಟ್ಟಳು. "ಬೀಳುವ ವಸ್ತುವಿನ ವೇಗ ಕ್ಷಣಕ್ಷಣಕ್ಕೂ ಹೆಚ್ಚುತ್ತದೆ. ಮೊದಲ ಸೆಕೆಂಡಿಗಿಂತ ಎರಡನೆಯ ಸೆಕೆಂಡಿನಲ್ಲಿ ಅದು ಹೆಚ್ಚು ದೂರ ಸಾಗುತ್ತದೆ..." ಮೊರ ಎದೆಗೆ ಅವಚಿಕೊಂಡು, ಸೀರೆಯ ನೆರಿಗೆ ಛತ್ರಿಯಂತೆ ಅರಳಿ, ಒಂದಕ್ಷರ ತಪ್ಪದೆ ಒಪ್ಪಿಸುತ್ತ, ತೇಲುತ್ತ ತೇಲುತ್ತ ಅವಳು ಕೆಳಗೆ ಬಂದಳು. ಮೊರದಿಂದ ಹೊರಟ ಎರಡು ಮೆಣಸಿನಕಾಯಿ ಅವಳ ತಲೆಯ ಮೇಲೆ ಹಿಂಬಾಲಿಸಿ ಬರುತ್ತಿದ್ದವು.

ಭರಮಣ್ಣ ಗೋಡೆಯ ಕಡೆ ತಿರುಗಿ ಮಲಗಿದ. ಸಾವಂತ್ರಿಗೆ ಏನಾಯಿತೆಂದು ತಿಳಿಯಲಿಲ್ಲ. ತನ್ನ ಪಾದ ನೋಡಿಕೊಂಡಳು, ಮಾಳಿಗೆ ನೋಡಿದಳು, ಆಮೇಲೆ ಮೆಲ್ಲಗೆ ಮೊರ ಕೆಳಗಿಟ್ಟಳು.

ಆ ಪುಸ್ತಕವನ್ನು ನಾನು ನನಗೋಸ್ಕರ ತಂದಿದ್ದೆ. ಮನೆಗೆ ನಡೆದು ಬರುವಾಗ ಅದು ಹೊಳೆಯಿತು. ಚಂದ್ರ ಬೀಳುವುದು ಕೇಳಿ ಅಳುವವಳು ನಾನು. ಮಾಡು ಹತ್ತುವವಳು ಅವಳು. ನಾಚಿಕೆಯಾಯಿತು. ಮರುದಿನ ಬೆಳಿಗ್ಗೆ ಸಾವಂತ್ರಿಯನ್ನೂ ಕರೆದುಕೊಂಡು ಸೇತುವೆ ದಾಟಿದೆ. ಅಪ್ಪನಿಗೆ ಹೇಳಿಯೇ ಹೊರಟಳು. "ಪುಸ್ತಕದಂಗಡಿ ತನಕ ಮಾತ್ರ," ಅಂದಳು. ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

"ಹೇಗಿತ್ತಮ್ಮ ಪುಸ್ತಕ?" ಅಂದರು ದಸ್ತಗೀರ್ ಸಾಹೇಬರು.

"ತುಂಬ ಚೆನ್ನಾಗಿತ್ತು. ಆದರೆ ಬೇಕಾಗಿದ್ದದ್ದು ಇವಳಿಗೆ." ಅವಳ ಕೆಲಸ, ಅಪ್ಪನ ಕಾಲು ಎಲ್ಲ ಹೇಳಿದೆ. ಶಾಲೆಯ ಮಾಡಿನಿಂದ ಒಬ್ಬರು ಬಿದ್ದದ್ದು ಅವರಿಗೂ ಗೊತ್ತಿತ್ತು. ಬಹಳ ಹೊತ್ತು ಗಡ್ಡ ನೀವಿಕೊಂಡರು.

"ಅವತ್ತು ಮೂರನೆಯದೊಂದು ತರೋಕೆ ಹೋಗಿದ್ದೆ. ನೀವು ನಿಲ್ಲಲಿಲ್ಲ."

ಅದು ಕೈಯಗಲದ, ರಟ್ಟಿಲ್ಲದ ಪುಸ್ತಕ. ಬರೆದವರ ಹೆಸರಿನ ಹಾಳೆ ಹರಿದುಹೋಗಿತ್ತು. ಬಣ್ಣವಿಲ್ಲ, ಚಂದ್ರನಿಲ್ಲ. ಮೊದಲ ಪುಟದಲ್ಲಿ ಹೀಗಿತ್ತು: "ಈ ಪುಸ್ತಕವನ್ನು ಕೆಳಗಿಡಿ. ಒಂದು ಕಲ್ಲು ತೆಗೆದುಕೊಳ್ಳಿ." ಸಾವಂತ್ರಿ ಗಟ್ಟಿಯಾಗಿ ಓದಿ, ಪುಸ್ತಕವನ್ನು ನಿಜವಾಗಿಯೂ ಕೆಳಗಿಟ್ಟು, ನನ್ನ ಮುಖ ನೋಡಿದಳು. ಸಾಹೇಬರು ಹಿತ್ತಿಲ ಬಾಗಿಲು ತೆಗೆದರು.

ಹಿತ್ತಿಲಿನಲ್ಲಿ ಒಂದು ಬಾದಾಮಿ ಮರ, ಏಳು ಮೆಟ್ಟಿಲಿನ ಕಲ್ಲಿನ ಜಗಲಿ. ಅವಳು ಕಲ್ಲು ಹಿಡಿದು ನಿಂತಳು, ನಾನು ಪುಸ್ತಕ ಹಿಡಿದು ಓದಿದೆ. ಮೊಣಕಾಲಿನ ಎತ್ತರದಿಂದ ಬಿಡಿ. ಸೊಂಟದಿಂದ ಬಿಡಿ. ತಲೆಯ ಮೇಲಿಂದ ಬಿಡಿ. ಪ್ರತಿ ಸಲವೂ, ಬಿಟ್ಟ ಮೇಲೆ ಅದು ಯಾವಾಗ ನೆಲ ಮುಟ್ಟುತ್ತದೆ ಅಂತ ನಿಮಗೆ ಅನಿಸುತ್ತದೋ ಆಗ ಚಪ್ಪಾಳೆ ತಟ್ಟಿ. ಸಾವಂತ್ರಿ ಚಪ್ಪಾಳೆ ತಟ್ಟುವ ಹೊತ್ತಿಗೆ ಕಲ್ಲು ಬಿದ್ದು, ಉರುಳಿ, ಸುಮ್ಮನಾಗಿರುತ್ತಿತ್ತು. ಇಪ್ಪತ್ತು ಸಲ ಮಾಡಿದಳು. ಮೂವತ್ತು ಸಲ. ಕಣ್ಣು ಮುಚ್ಚಿ ಮಾಡಿ ಅಂತಿತ್ತು, ಹಾಗೂ ಮಾಡಿದಳು. ಪುಟದ ಕೊನೆಗೆ ಎರಡು ಸಾಲು ಖಾಲಿ ಬಿಟ್ಟಿದ್ದರು: "ನೀವು ಅಂದುಕೊಂಡದ್ದು" ಅಂತ ಒಂದು, "ಆದದ್ದು" ಅಂತ ಇನ್ನೊಂದು. ಸರಿಯಾದ ಉತ್ತರ ಎಲ್ಲೂ ಇರಲಿಲ್ಲ.

ಸಾಹೇಬರು ಮಣ್ಣಿನ ಲೋಟದಲ್ಲಿ ಚಹಾ ತಂದುಕೊಟ್ಟರು. ಕುಡಿದು ಮುಗಿಸಿದ ಸಾವಂತ್ರಿ, ಕಲ್ಲಿನ ಗುಂಗಿನಲ್ಲೇ ಇದ್ದವಳು, ಲೋಟವನ್ನು ಹಾಗೇ ಕೈಬಿಟ್ಟಳು. ಅದು ಚೂರಾಯಿತು. ಮಡಕೆ ಒಡೆಯುವುದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕೂತು ಚೂರುಗಳನ್ನು ಒಂದೊಂದಾಗಿ ಆರಿಸಿ ಅಂಗೈಯಲ್ಲಿ ಜೋಡಿಸಲು ನೋಡಿದಳು. "ಬಿಡಿ ತಾಯಿ, ಅದು ಹೋಗೋದೇ," ಅಂದರು ಸಾಹೇಬರು. ಅವಳು ಬಿಡಲಿಲ್ಲ, ಚೂರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

ಮೂರನೆಯ ದಿನ ಪುಸ್ತಕ ಅವಳನ್ನೇ ಇಳಿಯಲು ಹೇಳಿತು. ಒಂದು ಮೆಟ್ಟಿಲಿನಿಂದ ಹಾರಿ, ಹಿಮ್ಮಡಿಗೆ ಏನಾಯಿತು ಬರೆಯಿರಿ. ಎರಡು ಮೆಟ್ಟಿಲಿನಿಂದ ಹಾರಿ. ಮೂರರಿಂದ ಮುಂದೆ ಬೇಡ. ಒಂದರಿಂದ ಹಾರಿದಾಗ "ಅಯ್ಯೋ, ನೆಲವೇ ಎದುರಿಗೆ ಬಂತು ಅಕ್ಕ" ಅಂತ ನಕ್ಕಳು. ಎರಡರಿಂದ ಹಾರಿದಾಗ ನಗಲಿಲ್ಲ. ಮೂರರಿಂದ ಹಾರಿ ಮುಗ್ಗರಿಸಿ ಮಂಡಿ ತರಚಿಕೊಂಡಳು. ಎದ್ದು ಕೂತು, ರಕ್ತ ಒರೆಸಿಕೊಳ್ಳದೆ, ಬಾದಾಮಿ ಮರದ ತುದಿಯನ್ನೇ ನೋಡುತ್ತಿದ್ದಳು. ಶಾಲೆಯ ಮಾಡು ಹೆಚ್ಚುಕಡಿಮೆ ಅಷ್ಟೇ ಎತ್ತರ.

"ಅಪ್ಪ ಅಲ್ಲಿಂದ..." ಅಂದಳು. ಮುಂದಕ್ಕೆ ಆಗಲಿಲ್ಲ. ಅವನು ಗಾಡಿಯಲ್ಲಿ ಬಂದ ದಿನವೂ ಅವಳು ಅತ್ತಿರಲಿಲ್ಲ. ಈಗ ನನ್ನ ಮಡಿಲಲ್ಲಿ ಮುಖವಿಟ್ಟು, ಹಿತ್ತಿಲಿನ ಕಾಗೆಗಳೆಲ್ಲ ಎದ್ದು ಹೋಗುವ ಹಾಗೆ ಅತ್ತಳು. ನಾನು ಬೆನ್ನು ಸವರುತ್ತ ಕೂತೆ. ಸಾಹೇಬರು ಅಂಗಡಿಯ ಒಳಗಿನಿಂದಲೇ ಹಿತ್ತಿಲ ಬಾಗಿಲು ಮೆಲ್ಲಗೆ ಎಳೆದುಕೊಂಡರು.

ಒಂಬತ್ತು ದಿನ ಹೋಗಿಬಂದೆವು. ಏಳನೆಯ ದಿನವಿರಬೇಕು, ನಾನು ಜಗಲಿಯ ಕೆಳಗಿನಿಂದ ಬಾದಾಮಿ ಎಲೆಗಳ ಬಗ್ಗೆ ಏನೋ ಹೇಳುತ್ತಿದ್ದೆ. ಅವಳು ನನ್ನ ಮಾತು ಕೇಳುತ್ತ ಜಗಲಿಯ ಅಂಚಿಗೆ ನಡೆದು ಬಂದಳು. ಅವಳ ಗಮನ ಪೂರ್ತಿ ನನ್ನ ಮೇಲಿತ್ತು. ಅಂಚಿಗೆ ಬಂದಾಗ ಬಲಗಾಲು ಎದ್ದಿತು. ಎದ್ದದ್ದು ಹಾಗೇ ನಿಂತಿತು. ಅವಳಿಗೆ ಗೊತ್ತೇ ಆಗಲಿಲ್ಲ, ಮಾತು ಕೇಳುತ್ತಲೇ ಪಕ್ಕದ ಮೆಟ್ಟಿಲಿನಿಂದ ಒಂದೊಂದಾಗಿ ಇಳಿದು ಬಂದಳು. ನಾನು ಆ ಪುಸ್ತಕವನ್ನು ದುಡ್ಡು ಕೊಟ್ಟು ಚೀಲಕ್ಕೆ ಹಾಕಿಕೊಂಡೆ.

ವಾಚನಾಲಯದಲ್ಲಿ ಪದ್ಮರಾಜಯ್ಯ ಮೇಷ್ಟ್ರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದೇನು ಪುಸ್ತಕ ಅನಸೂಯಮ್ಮ? ರಟ್ಟಿಲ್ಲ, ಸೂತ್ರವಿಲ್ಲ, ಉತ್ತರವೂ ಇಲ್ಲ. ಅಲ್ಲಿಯ ಕಲ್ಲಿಗೂ ಇಲ್ಲಿಯ ಕಲ್ಲಿಗೂ ತಾಳೆಯಾಗಲ್ಲ. ನಮ್ಮ ಅಂಗಳದಲ್ಲೇ ಸುಳ್ಳಾಗೋ ಪುಸ್ತಕ ನಮ್ಮ ಕಪಾಟಿನಲ್ಲಿ ಯಾಕೆ?" ಅಂದರು.

"ಎಲ್ಲಿ ಸುಳ್ಳು ಹೇಳಿದೆ, ತೋರಿಸಿ ಮೇಷ್ಟ್ರೆ."

ಮೇಷ್ಟ್ರು ಕಲ್ಲು ಹಿಡಿದು ಅಂಗಳಕ್ಕಿಳಿದರು. ಪುಸ್ತಕ ಕೇಳಿದ್ದು ಬರೀ "ಏನಾಯಿತು?" ಅಂತ. ಅವರು ಕಲ್ಲು ಬಿಟ್ಟು, ಅದು ಸೊಂಟದಿಂದ ಇಳಿಯುವುದನ್ನು ಕಾದು, ಮತ್ತೆ ಎತ್ತಿ ಬಿಟ್ಟು, ಮಧ್ಯಾಹ್ನವೆಲ್ಲ ನಿಂತಿದ್ದರು. ಎಪ್ಪತ್ತು ವರ್ಷದಿಂದ ನೋಡುತ್ತಿದ್ದ ಬೀಳುವಿಕೆಯನ್ನು ಮೊದಲ ಸಲ ನೋಡುವವರಂತೆ ಬಾಯಿ ಸ್ವಲ್ಪ ತೆರೆದಿತ್ತು. ಆಮೇಲೆ ಪೆನ್ಸಿಲ್ ಕೇಳಿದರು. ಪುಸ್ತಕದ ಬಗ್ಗೆ ಮತ್ತೆ ಮಾತೆತ್ತಲಿಲ್ಲ.

ಭರಮಣ್ಣನ ಎದುರು ಸಾವಂತ್ರಿ ಏನನ್ನೂ ಒಪ್ಪಿಸಲಿಲ್ಲ. ಎಂದಿನಂತೆ ಮಾಳಿಗೆ ಹತ್ತಿ ಮೆಣಸಿನಕಾಯಿ ಗೋರಿಕೊಂಡು ಅಂಚಿಗೆ ಬಂದಳು. ಅವನು ಮಂಚದಿಂದ ಕತ್ತೆತ್ತಿ ನೋಡುತ್ತಿದ್ದ. ಅವಳ ಕಾಲು ಎದ್ದಿತು. ನಿಂತಿತು. ಅವಳು ಕೆಳಗೆ ನೋಡಿ, ಯಾವ ಊರಿನಲ್ಲಿದ್ದೇನೆ ಅಂತ ನೆನಪಿಸಿಕೊಂಡವಳ ಹಾಗೆ ಒಂದು ಉಸಿರು ತೆಗೆದುಕೊಂಡು, ಆಮೇಲೆ ಹೆಜ್ಜೆ ಇಟ್ಟಳು. ಅವಳು ನೆಲ ಮುಟ್ಟುವ ತನಕ ಭರಮಣ್ಣ ರೆಪ್ಪೆ ಬಡಿಯಲಿಲ್ಲ.

"ಹಗ್ಗ ಹಳೇದಾಗಿದೆ," ಅಂದ. "ಹೊಸದು ತಗೊಂಡು ಹೋಗು."

ಹತ್ತೊಂಬತ್ತು ದಿನ ಅವಳು ಕೆಳಗಿನ ಊರಿನಲ್ಲಿದ್ದಳು. ದಿನವೂ ಮಧ್ಯಾಹ್ನ ನಾನು ಭರಮಣ್ಣನ ಬಳಿ ಹೋಗಿ ಕೂರುತ್ತಿದ್ದೆ. ಏನಾದರೂ ಓದಲೇ ಅಂತ ಕೇಳಿದರೆ ಬೇಡ ಅನ್ನುತ್ತಿದ್ದ. ಸೇತುವೆಯ ಕಡೆಯಿಂದ ಬರುವ ದಾರಿಯನ್ನು ನೋಡುವುದೇ ಅವನ ಕೆಲಸ. ಇಪ್ಪತ್ತನೆಯ ದಿನ ಅದೇ ದಾರಿಯಲ್ಲಿ ಹಗ್ಗ ಹೆಗಲಿಗೆ ಹಾಕಿಕೊಂಡು ಅವಳು ನಡೆದು ಬಂದಳು. ಅವನು ಮೊದಲು ನೋಡಿದ್ದು ಅವಳ ಪಾದ. ಕೆಸರಾಗಿದ್ದವು, ನೆಟ್ಟಗಿದ್ದವು.

ಅವಳು ಮಂಚದ ಕಾಲ ಬಳಿ ಕುಸಿದು ಕೂತು, "ಮಾಡು ಮುಗೀತು," ಅಂದಳು. ಆಮೇಲೆ, "ಅಪ್ಪ, ಅಲ್ಲಿ ಮಳೆ ಬಂತು" ಅಂದಳು.

ನಮ್ಮೂರಿನಲ್ಲಿ ಮಳೆ ಬರುವುದು ಯಾರಿಗೂ ತಿಳಿಯುವುದಿಲ್ಲ. ಹನಿಗಳು ಗಾಳಿಯಲ್ಲಿ ನಿಂತ ಹಾಗೆ ಇರುತ್ತವೆ, ಅವುಗಳ ನಡುವೆ ನಾವು ಓಡಾಡುತ್ತೇವೆ, ತಾಗಿದರೆ ಒದ್ದೆಯಾಗುತ್ತೇವೆ. ಅದಕ್ಕೆ ಸದ್ದಿಲ್ಲ. ಭರಮಣ್ಣ ಕೆಳಗಿನ ಊರಿನಲ್ಲಿದ್ದದ್ದು ಬೇಸಿಗೆಯಲ್ಲಿ.

"ಕೊನೇ ಸಾಲು ಇಡ್ತಾ ಇದ್ದೆ. ಒಮ್ಮೆಲೇ ಸುರೀತು. ಹೊಡೆಯುತ್ತೆ ಅಪ್ಪ ಅದು! ತಲೆಗೆ, ಬೆನ್ನಿಗೆ. ಹೆಂಚಿನ ಮೇಲೆ ಏನು ಗದ್ದಲ ಅಂತೀಯ. ಪಕ್ಕದಲ್ಲಿರೋರು ಮಾತಾಡಿದರೂ ಕೇಳಲ್ಲ."

"ನೋವಾಗುತ್ತಾ?"

"ಇಲ್ಲ." ಅವಳು ಹುಡುಕಿದಳು, ಸರಿಯಾದ ಮಾತು ಸಿಗಲಿಲ್ಲ. "ಬರೀ ಒದ್ದೆ ಮಾಡಲ್ಲ. ನೀನಿದೀಯ ಅಂತ ಅದಕ್ಕೆ ಗೊತ್ತಿರೋ ಹಾಗೆ ಬರುತ್ತೆ."

ಅವನು ಸೇತುವೆಯ ಕಡೆ ನೋಡಿದ. ಆ ಊರಿನ ಹೆಸರೆತ್ತಿದರೆ ಉಗಿಯುತ್ತಿದ್ದ ಮನುಷ್ಯ. ಅವಳು ಕೈಕಾಲು ತೊಳೆಯಲು ಒಳಗೆ ಹೋದ ಮೇಲೆ ನನ್ನ ಕಡೆ ತಿರುಗಿ, ಬೇರೆ ಯಾರಿಗೋ ಬೇಕಾದಂತೆ ಕೇಳಿದ, "ಗಾಡಿ ಸಿಗುತ್ತಾ ಅಕ್ಕಾರೆ?"

ಆ ವಾರವೇ ಕರೆದುಕೊಂಡು ಹೋದೆವು. ಶಾಲೆಯ ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿದೆವು. ಮೋಡ ಇಳಿದು ನಿಂತಿತ್ತು. ಅವನು ಮಾಡನ್ನು ನೋಡಿದ, ತನ್ನ ಅರ್ಧ, ಮಗಳ ಅರ್ಧ, ನಡುವೆ ಗೆರೆ ಕಾಣುತ್ತಿರಲಿಲ್ಲ. ಅಂಚನ್ನು ಮಾತ್ರ ನೋಡಲಿಲ್ಲ. ಮೊದಲ ಹನಿ ಅವನ ಮಂಡಿಗೇ ಬಿತ್ತು. ಬೆಚ್ಚಿ ನನ್ನ ಕೈ ಹಿಡಿದುಕೊಂಡ. ಆಮೇಲೆ ಇನ್ನೊಂದು, ಆಮೇಲೆ ಎಲ್ಲ ಒಟ್ಟಿಗೆ. ಹಣೆಯ ಮೇಲೆ, ತುಟಿಯ ಮೇಲೆ, ಸೊಟ್ಟಗೆ ಕೂಡಿದ ಆ ಎರಡು ಕಾಲಿನ ಮೇಲೆ ಬಡಿಯಿತು. ಹೆಂಚುಗಳು ಕೂಗತೊಡಗಿದವು. ಸಾವಂತ್ರಿ ಓಡಿಬಂದು ಕುರ್ಚಿಯನ್ನು ಮಾಡಿನ ಕೆಳಗೆ ಎಳೆಯಲು ಬಗ್ಗಿದಳು.

ಅವನು ಅವಳ ಕೈ ಸರಿಸಿದ. ಮುಖ ಮೇಲೆತ್ತಿ, ಕಣ್ಣು ಬಿಟ್ಟುಕೊಂಡೇ, ಅಷ್ಟು ಗದ್ದಲದಲ್ಲೂ ನಮಗೆ ಕೇಳುವಂತೆ ಹೇಳಿದ, "ಇರು ಮಗಳೇ. ಇನ್ನೂ ಬೀಳಲಿ."